ಅಕ್ಷರ ಪಲ್ಲಟದ ಆಟ: ಮಕ್ಕಳ ಪದಸಂಪತ್ತು, ಕಾಗುಣಿತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಿಕ್ಷಕರು ಮತ್ತು ತಂದೆ ತಾಯಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಒಂದರಿಂದ ಐದನೇ ತರಗತಿಯ ಮಕ್ಕಳಿಗಾಗಿ ಬರೆದದ್ದು. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಪದವನ್ನು ಹೇಗೆ ಕತ್ತರಿಸಬೇಕು ಅನ್ನೋ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಈ ಆಟದ ಜೀವ ಇರುವುದೇ ಅಲ್ಲಿ.

ಅಕ್ಷರ ಪಲ್ಲಟ ಅಂದರೆ ಏನು?

ಒಂದು ಪದದ ಅಕ್ಷರಗಳನ್ನು ಬಿಡಿ ಬಿಡಿ ಮಾಡಿ, ಕಲಸಿ, ಮಗುವಿನ ಮುಂದೆ ಇಡುತ್ತೇವೆ. ಮಗು ಅವನ್ನು ಜೋಡಿಸಿ ಪದ ಮಾಡಬೇಕು. ಕೆಲವು ಸಲ ಒಂದೇ ಉತ್ತರ ಇರುತ್ತದೆ. ಗ, ತೊ, ರಿ ಕೊಟ್ಟರೆ ತೊಗರಿ, ಅಷ್ಟೇ. ಕೆಲವು ಸಲ ಎರಡು ಉತ್ತರ ಬರುತ್ತವೆ. ನ, ದಿ ಕೊಟ್ಟರೆ ನದಿಯೂ ಆಗುತ್ತದೆ, ದಿನವೂ ಆಗುತ್ತದೆ. ಎರಡನೆಯದು ತಾನಾಗಿ ಹೊಳೆದಾಗ ಮಕ್ಕಳಿಗೆ ಆಗುವ ಖುಷಿಯೇ ಬೇರೆ.

ಇದರಿಂದ ಕಾಗುಣಿತ ನಿಜವಾಗಿ ಸುಧಾರಿಸುತ್ತದಾ?

ಸರಿಯಾಗಿ ಆಡಿಸಿದರೆ ಸುಧಾರಿಸುತ್ತದೆ. ಪಾಠ ನೋಡಿ ಹತ್ತು ಸಲ ನಕಲು ಮಾಡುವಾಗ ಮಗುವಿನ ಕೈ ಓಡುತ್ತದೆ, ತಲೆ ಎಲ್ಲೋ ಇರುತ್ತದೆ. ಇಲ್ಲಿ ಹಾಗೆ ಆಗುವುದಿಲ್ಲ. ಯಾವ ಅಕ್ಷರ ಮೊದಲು, ಯಾವುದು ಆಮೇಲೆ, ದೀರ್ಘ ಯಾವುದಕ್ಕಿದೆ, ಎಲ್ಲವನ್ನೂ ಮಗುವೇ ತೀರ್ಮಾನ ಮಾಡಬೇಕು. ನಾವೇ ಹುಡುಕಿ ತೆಗೆದ ಪದ ಸುಮ್ನೆ ಓದಿದ ಪದಕ್ಕಿಂತ ಜಾಸ್ತಿ ನೆನಪಿರುತ್ತದೆ ಎಂದು ನಾರ್ಮನ್ ಸ್ಲಮೆಕಾ ಮತ್ತು ಪೀಟರ್ ಗ್ರಾಫ್ ಎಂಬ ಮನಶ್ಶಾಸ್ತ್ರಜ್ಞರು 1978ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅವರ ಪ್ರಯೋಗ ದೊಡ್ಡವರ ಮೇಲೆ ನಡೆದದ್ದು. ಆದರೆ ತರಗತಿಯಲ್ಲಿ ಮಕ್ಕಳನ್ನು ಗಮನಿಸಿದವರಿಗೆ ಈ ಮಾತು ಹೊಸದಲ್ಲ.

ಒಂದು ಮಿತಿ ಇದೆ. ಕಿವಿಗೆ ಒಮ್ಮೆಯೂ ಬೀಳದ ಪದವನ್ನು ಈ ಆಟ ಕಲಿಸಲಾರದು. "ಪಿಕ" ಅಂದರೆ ಕೋಗಿಲೆ ಎಂದು ಗೊತ್ತಿಲ್ಲದ ಮಗುವಿನ ಮುಂದೆ ಪಿ, ಕ ಇಟ್ಟರೆ ಅದು ಕಪಿ ಎಂದು ಹೇಳಿ ಎದ್ದು ಹೋಗುತ್ತದೆ. ಹೊಸ ಪದವನ್ನು ಮೊದಲು ಕತೆಯಲ್ಲೋ ಮಾತಿನಲ್ಲೋ ಕೇಳಿಸಬೇಕು. ಆಟ ಆಮೇಲೆ.

ಪದವನ್ನು ಹೇಗೆ ಕತ್ತರಿಸಬೇಕು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕನ್ನಡ ಪದವನ್ನು ಬಾಯಲ್ಲಿ ಬಿಡಿಸಿ ಹೇಳಿದಾಗ ಎಷ್ಟು ತುಂಡು ಕೇಳುತ್ತದೋ ಅಷ್ಟೇ ಕಾರ್ಡು. ಗುಣಿತದ ಗುರುತು ಅದರ ಅಕ್ಷರದ ಜೊತೆಗೇ ಇರಬೇಕು. ಒತ್ತಕ್ಷರವೂ ಅಷ್ಟೇ. ರೊಟ್ಟಿಗೆ ಎರಡು ಕಾರ್ಡು: ರೊ, ಟ್ಟಿ. ಪುಂಡಿಪಲ್ಯಕ್ಕೆ ನಾಲ್ಕು: ಪುಂ, ಡಿ, ಪ, ಲ್ಯ. ಸೊನ್ನೆ ಒಂಟಿಯಾಗಿ ಕೂರಬಾರದು, ಪು ಜೊತೆಗೇ ಇರಬೇಕು. ಆಳಂದಕ್ಕೆ ಮೂರು ಕಾರ್ಡು: ಆ, ಳಂ, ದ.

ಕತ್ತರಿಸುವ ಕೆಲಸವನ್ನು ಮಗುವಿಗೇ ಕೊಡಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ತುಂಬಾ ಜನ ಶಿಕ್ಷಕರು ರಾತ್ರಿ ಕುಳಿತು ಚೆಂದದ ಕಾರ್ಡು ಮಾಡಿಕೊಂಡು ಬರುತ್ತಾರೆ. ಮಕ್ಕಳು ಜೋಡಿಸಿ ಮುಗಿಸುತ್ತಾರೆ. ಆದರೆ ಕಾಗುಣಿತ ಕಲಿಯುವ ಗಳಿಗೆ ಅದಕ್ಕಿಂತ ಮೊದಲೇ ಬರುತ್ತದೆ. ಜೇವರ್ಗಿ ಎಂದು ಉದ್ದಕ್ಕೆ ಬರೆದ ಚೀಟಿಯನ್ನು ಕೈಯಲ್ಲಿ ಹಿಡಿದು ಕತ್ತರಿ ಎಲ್ಲಿ ಹಾಕಲಿ ಎಂದು ಮಗು ಯೋಚಿಸುತ್ತದಲ್ಲ, ಆಗ. ಜೇ ಆಯಿತು, ವ ಆಯಿತು. ಆಮೇಲೆ? ಕಿವಿಗೆ ರ್ ಮೊದಲು ಕೇಳುತ್ತದೆ, ಗಿ ಆಮೇಲೆ. ಕಣ್ಣಿಗೆ ಗಿ ಮೊದಲು ಕಾಣುತ್ತದೆ, ಅರ್ಕಾವತ್ತು ಆಮೇಲೆ. ಈ ಗೊಂದಲದಿಂದಲೇ ಮಕ್ಕಳು "ಜೇವಗ್ರಿ" ಎಂದು ಬರೆಯುವುದು. ರ್ಗಿ ಅನ್ನೋದು ಒಂದೇ ತುಂಡು, ನಡುವೆ ಕತ್ತರಿ ಹಾಕಬಾರದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅದೇ ದಿನ ಪಕ್ಕದಲ್ಲಿ "ಬಿದ್ರಿ" ಇಡಿ. ಬಿ, ದ್ರಿ. ಇಲ್ಲಿ ದ ಮೊದಲು, ರ ಆಮೇಲೆ, ಅದಕ್ಕೇ ರ ಕೆಳಗೆ ಒತ್ತಾಗಿ ಕೂತಿದೆ. ಜೇವರ್ಗಿಯ ರ್ಗಿ, ಬಿದ್ರಿಯ ದ್ರಿ, ಎರಡನ್ನೂ ಅಕ್ಕಪಕ್ಕ ಇಟ್ಟು ಜೋರಾಗಿ ಓದಿಸಿ. ಅರ್ಕಾವತ್ತಿನ ನಿಯಮವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಹಾಗಾದರೆ ನಾಮ, ಮಾನ ಒಂದಕ್ಕೊಂದು ಪಲ್ಲಟ ಆಗುವುದಿಲ್ಲವಾ?

ಅಕ್ಷರದ ಆಟದಲ್ಲಿ ಆಗುವುದಿಲ್ಲ. ನಾಮದಲ್ಲಿರುವುದು ನಾ ಮತ್ತು ಮ. ಮಾನದಲ್ಲಿರುವುದು ಮಾ ಮತ್ತು ನ. ಕಾರ್ಡುಗಳೇ ಬೇರೆ.

ಆದರೆ ನಾಲ್ಕು, ಐದನೇ ತರಗತಿಗೆ ಇನ್ನೊಂದು ಮೆಟ್ಟಿಲು ಹತ್ತಬಹುದು. ಪದವನ್ನು ಸ್ವರ, ವ್ಯಂಜನವಾಗಿ ಪೂರ್ತಿ ಬಿಡಿಸುವುದು. ನಾಮ ಅಂದರೆ ನ್, ಆ, ಮ್, ಅ. ಇದೇ ನಾಲ್ಕನ್ನು ತಿರುಗಿಸಿದರೆ ಮಾನ. ದಾನ ಹೀಗೆಯೇ ನಾದ ಆಗುತ್ತದೆ. ಕುರಿ ಬಿಡಿಸಿದರೆ ಕ್, ಉ, ರ್, ಇ. ಸ್ವರಗಳನ್ನು ಅದಲು ಬದಲು ಮಾಡಿದರೆ ಕಿರು! ಗುಣಿತ ಅಂದರೆ ವ್ಯಂಜನಕ್ಕೆ ಸ್ವರ ಸೇರುವುದು ಎಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಆಟ ನನಗೆ ಬೇರೆ ಕಂಡಿಲ್ಲ. ಮೂರನೇ ತರಗತಿ ಒಳಗಿನ ಮಕ್ಕಳಿಗೆ ಮಾತ್ರ ಇದು ಬೇಡ.

ಯಾವ ತರಗತಿಗೆ ಎಷ್ಟು ಅಕ್ಷರದ ಪದ ಕೊಡಬೇಕು?

ಎರಡು ಅಕ್ಷರವನ್ನು ಎರಡೇ ರೀತಿ ಜೋಡಿಸಬಹುದು. ಮೂರಾದರೆ 6 ರೀತಿ, ನಾಲ್ಕಾದರೆ 24, ಐದಾದರೆ 120. ಒಂದು ಅಕ್ಷರ ಜಾಸ್ತಿ ಆದರೂ ಕಷ್ಟ ಎಷ್ಟು ಏರುತ್ತದೆ ನೋಡಿ. ಒಂದನೇ ತರಗತಿಗೆ ಎರಡು ಅಕ್ಷರ ಸಾಕು. ಎರಡು, ಮೂರನೇ ತರಗತಿಗೆ ಮೂರು. ನಾಲ್ಕಕ್ಕಿಂತ ಜಾಸ್ತಿ ಕೊಡುವುದಾದರೆ ಸುಳಿವು ಬೇಕೇ ಬೇಕು: "ಇದು ತಿನ್ನೋ ವಸ್ತು", "ಇದು ನಮ್ಮ ಪಕ್ಕದ ಊರು" ಅಂತ. ಸುಳಿವು ಕೊಟ್ಟರೆ ಆಟ ಸಪ್ಪೆ ಆಗುತ್ತದೆ ಎಂದು ಕೆಲವರು ಹೆದರುತ್ತಾರೆ. ಆಗುವುದಿಲ್ಲ. ಸುಳಿವಿನಿಂದಲೇ ಅರ್ಥಕ್ಕೂ ಅಕ್ಷರಕ್ಕೂ ಗಂಟು ಬೀಳುವುದು.

ಮಗು ಇಲ್ಲದ ಪದ ಜೋಡಿಸಿದರೆ ಏನು ಮಾಡಬೇಕು?

ತಪ್ಪು ಎಂದು ತಕ್ಷಣ ಹೇಳಬೇಡಿ. ಜೋರಾಗಿ ಓದಲು ಹೇಳಿ. "ತೊಗರಿ" ಬದಲು "ಗತೊರಿ" ಜೋಡಿಸಿದ ಮಗು ಓದುವಾಗ ತಾನೇ ನಿಲ್ಲುತ್ತದೆ.

ಆದರೆ ಕೆಲವು ತಪ್ಪು ಕಿವಿಗೆ ಸಿಗುವುದಿಲ್ಲ, ಅವೇ ಬೆಲೆಬಾಳುವ ತಪ್ಪುಗಳು. ಒಮ್ಮೆ ಜ, ನ, ಕ ಕಾರ್ಡು ಕೊಟ್ಟಿದ್ದೆ. ನನ್ನ ತಲೆಯಲ್ಲಿ ಇದ್ದದ್ದು ಜನಕ. ಒಬ್ಬ ಹುಡುಗಿ ಕ, ನ, ಜ ಎಂದು ಜೋಡಿಸಿ, "ತೊಗರಿ ಕನಜ ರೀ ಸರ್" ಅಂದಳು. ಕಲಬುರಗಿಯನ್ನು ತೊಗರಿ ಕಣಜ ಅನ್ನುವುದನ್ನು ಆಕೆ ಎಷ್ಟೋ ಸಲ ಕೇಳಿದ್ದಾಳೆ. ಪದ ಗೊತ್ತು, ಅರ್ಥ ಗೊತ್ತು, ನ ಯಾವುದು ಣ ಯಾವುದು ಅನ್ನೋದೊಂದೇ ಬಾಕಿ. ಒಂದು ಖಾಲಿ ಕಾರ್ಡಿನ ಮೇಲೆ ಣ ಬರೆದು ನ ಕಾರ್ಡಿನ ಪಕ್ಕ ಇಟ್ಟು, ಎರಡನ್ನೂ ಹೇಳಿಸಿದೆ. ಣ ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚುತ್ತದೆ, ನ ಹೇಳುವಾಗ ಹಲ್ಲಿನ ಹತ್ತಿರ ತಾಗುತ್ತದೆ. ಆಕೆ ಕಣಜ, ಕಣಜ ಎಂದು ಬಾಯಲ್ಲೇ ಆಡಿಸಿ, ನ ತೆಗೆದು ಣ ಇಟ್ಟಳು. ಆಮೇಲೆ ಹಣ, ಬಣ್ಣ, ಕಣ ಎಂದು ಇಡೀ ತರಗತಿ ಣ ಇರುವ ಪದ ಹುಡುಕಲು ಶುರು ಮಾಡಿತು. ಅವತ್ತು ಜನಕ ಹಿಂದೆ ಉಳಿಯಿತು, ಪರವಾಗಿಲ್ಲ.

ಹಾಗಾಗಿ ನಾಲ್ಕು ಖಾಲಿ ಕಾರ್ಡು, ಒಂದು ಸ್ಕೆಚ್ ಪೆನ್ ಯಾವಾಗಲೂ ಹತ್ತಿರ ಇರಲಿ.

ಕಲಸಿದ ಪದ ನೋಡಿ ನೋಡಿ ಮಗು ತಪ್ಪು ಕಾಗುಣಿತವನ್ನೇ ಕಲಿತುಬಿಟ್ಟರೆ?

ಈ ಹೆದರಿಕೆ ಸರಿಯಾದದ್ದೇ. ಅದಕ್ಕೆ ಎರಡು ನಿಯಮ ಇಟ್ಟುಕೊಳ್ಳಿ. ಕಲಸಿದ ಅಕ್ಷರಗಳನ್ನು ಬೋರ್ಡಿನ ಮೇಲೆ ಒಂದೇ ಪದದ ಹಾಗೆ ಕೂಡಿಸಿ ಬರೆಯಬಾರದು. ನಡುವೆ ಜಾಗ ಬಿಡಿ, ಇಲ್ಲವೇ ಪ್ರತಿ ಅಕ್ಷರಕ್ಕೂ ಒಂದು ಚೌಕ ಹಾಕಿ. ಎರಡನೆಯದು, ಆಟ ಮುಗಿದ ಮೇಲೆ ಸರಿ ಪದವನ್ನು ಮಗು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅದನ್ನು ಹಾಕಿ ಒಂದು ವಾಕ್ಯ ಮಾಡಬೇಕು. ಕಾರ್ಡು ಜೋಡಿಸಿ ಎದ್ದುಬಿಟ್ಟರೆ ಕಣ್ಣಿಗೆ ಕೆಲಸ ಆಯಿತು, ಕೈಗೆ ಆಗಲಿಲ್ಲ. ಬೋರ್ಡಿನ ಮೇಲೆ ಕೊನೆಗೆ ಉಳಿಯುವುದು ಸರಿ ಪದವೇ ಆಗಿರಲಿ.

ನಮ್ಮ ಶಾಲೆಯಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡ ಅಲ್ಲ. ಅವರಿಗೆ ಕಷ್ಟ ಆಗುತ್ತದಲ್ವಾ?

ನಮ್ಮ ಮೂರೂ ಜಿಲ್ಲೆಯಲ್ಲಿ ಇದು ಸಾಮಾನ್ಯ. ಔರಾದ, ಭಾಲ್ಕಿ ಕಡೆ ಮರಾಠಿ, ಸೇಡಂ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಊರೂರಲ್ಲೂ ಉರ್ದು. ಒಂದೊಂದು ಭಾಷೆಯ ಮಗುವಿಗೆ ಒಂದೊಂದು ಕಡೆ ತೊಡಕಾಗುತ್ತದೆ. ಅದನ್ನು ತಿಳಿದು ಪದ ಆರಿಸಿದರೆ ಆಟ ಅವರಿಗೆ ತುಂಬಾ ಉಪಯೋಗ.

ಮರಾಠಿ ಬರವಣಿಗೆಯಲ್ಲಿ ಎ, ಏ ಬೇರೆ ಬೇರೆ ಇಲ್ಲ. ಒ, ಓ ಕೂಡ ಹಾಗೆ. ಆ ಮಕ್ಕಳಿಗೆ ಮಹಾಪ್ರಾಣ ಅಷ್ಟು ತೊಂದರೆ ಕೊಡುವುದಿಲ್ಲ. ಭಾಲ್ಕಿಯ ಭಾ ಸರಿಯಾಗಿಯೇ ಬರೆಯುತ್ತಾರೆ. ಆದರೆ ಬೆಳೆ, ಬೇಳೆ ನಡುವೆ ಎಡವುತ್ತಾರೆ. ಕನ್ನಡ ಮನೆಯ ಮಗುವಿಗೆ ಸಾಮಾನ್ಯವಾಗಿ ಇದರ ಉಲ್ಟಾ: ಬೆಳೆ, ಬೇಳೆ ಸಲೀಸು, "ಬಾಲ್ಕಿ" ಎಂದು ಬರೆದುಬಿಡುತ್ತದೆ. ಇಬ್ಬರನ್ನೂ ಒಂದೇ ಜೋಡಿಯಾಗಿ ಕೂರಿಸಿ. ಬೆ, ಬೇ, ಳೆ ಮೂರು ಕಾರ್ಡು ಕೊಟ್ಟು, "ಹೊಲದಾಗ ಇರೋದು ಯಾವುದು, ಗಡಿಗ್ಯಾಗ ಕುದಿಯೋದು ಯಾವುದು" ಎಂದು ಕೇಳಿ. ತೊಗರಿ ಬೆಳೆಯುವ ಊರಿನ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ.

ನಮ್ಮ ಕಡೆಯ ಆಡುಮಾತಿನ ಪದ ಕೊಡಬಹುದಾ, ಪುಸ್ತಕದ ಪದವೇ ಕೊಡಬೇಕಾ?

ಧಾರಾಳವಾಗಿ ಕೊಡಿ. ಶುರು ಮಾಡುವುದೇ ಅಲ್ಲಿಂದ ಆಗಲಿ ಎಂದು ನನ್ನ ಆಸೆ. ಗಂ, ಗಾ, ಳ ಜೋಡಿಸಿ ಗಂಗಾಳ ಮಾಡುವ ಮಗುವಿಗೆ ಆ ವಸ್ತು ಕಣ್ಣ ಮುಂದೆ ಇರುತ್ತದೆ. ಉಳ್ಳಾಗಡ್ಡಿಗೆ ನಾಲ್ಕು ಕಾರ್ಡು, ಅದರಲ್ಲಿ ಎರಡು ಒತ್ತಕ್ಷರ. ಅಭ್ಯಾಸಕ್ಕೆ ಎಷ್ಟು ಚೆಂದ! ಆಮೇಲೆ "ಪುಸ್ತಕದಲ್ಲಿ ಇದಕ್ಕೆ ಈರುಳ್ಳಿ ಅಂತಾರೆ" ಎಂದು ಆ ಪದವನ್ನೂ ಜೋಡಿಸಿಸಿ. ಮಗುವಿನ ಹತ್ತಿರ ಈಗ ಎರಡು ಪದ ಇವೆ.

ಆಡುಮಾತು ಸೇರಿಸಿದರೆ ಉತ್ತರಗಳೂ ಜಾಸ್ತಿ ಆಗುತ್ತವೆ. ಗ, ಮ, ನ ಕೊಟ್ಟರೆ ಪುಸ್ತಕದ ಪ್ರಕಾರ ಗಮನ, ಮಗನ. ನಮ್ಮ ಮಕ್ಕಳು ಇನ್ನೊಂದು ಕೊಡುತ್ತಾರೆ: ನಮಗ. ಅದನ್ನೂ ಒಪ್ಪಿಕೊಳ್ಳಿ, ಅಂಕ ಕೊಡಿ, ಬರೆಯುವಾಗ ನಮಗೆ ಎಂದು ಬರೆಯಬೇಕು ಎಂದು ಹೇಳಿಕೊಡಿ. ರಾಜ ಕಾರ್ಡು ತಿರುಗಿಸಿ "ಜರಾ ನೀರು ಕೊಡ್ರಿ" ಎಂದ ಮಗುವಿಗೆ ಬೈಯುವ ಕಾರಣ ಏನೂ ಇಲ್ಲ.

ಕಾರ್ಡು ಯಾವುದರಿಂದ ಮಾಡಬೇಕು?

ಹಳೇ ಲಗ್ನಪತ್ರಿಕೆ. ದಪ್ಪ ಇರುತ್ತದೆ, ಹಿಂದೆ ಖಾಲಿ ಇರುತ್ತದೆ, ಎಲ್ಲರ ಮನೆಯಲ್ಲೂ ಇರುತ್ತದೆ. ಅಕ್ಷರ ದೊಡ್ಡದಾಗಿ ಬರೆಯಿರಿ, ಒತ್ತಿಗೆ ಕೆಳಗೆ ಜಾಗ ಬಿಡಿ. ಕಾರ್ಡಿಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಹಾಕಿದರೂ ನಡೆಯುತ್ತದೆ.

ನಲಿ-ಕಲಿ ತರಗತಿಯಲ್ಲಿ ಇದನ್ನು ಸೇರಿಸಬಹುದಾ?

ಸೇರಿಸಬಹುದು. ಅಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪಾಗಿ ಕೂತು ಕಾರ್ಡು ಹಿಡಿದೇ ಕಲಿಯುತ್ತಾರೆ. ಹಾಗಾಗಿ ಹೊಸ ಪದ್ಧತಿ ಕಲಿಸುವ ಕೆಲಸ ಇಲ್ಲ. ಆಯಾ ಗುಂಪು ಅಲ್ಲಿವರೆಗೆ ಕಲಿತ ಅಕ್ಷರಗಳಿಂದಲೇ ಆಗುವ ಪದ ಕೊಡಿ. ಸರ, ರಸ, ಗಜ, ಜಗ, ವನ, ನವ. ಇವಕ್ಕೆ ಗುಣಿತ ಬೇಡವೇ ಬೇಡ. ಅಕ್ಷರ ಗುರುತಿಸಲು ಕಲಿತ ಮಗುವೂ ಆಡಬಹುದು.

ನಮಗ ಓದಾಕ ಬರಂಗಿಲ್ಲ. ಮನ್ಯಾಗ ನಾವು ಹ್ಯಾಂಗ ಆಡಿಸಬೇಕು?

ನಿಮ್ಮಿಂದ ಖಂಡಿತ ಆಗುತ್ತದೆ ಅವ್ವಾ, ಅಪ್ಪಾ. ಎರಡು ಕೆಲಸ ಮಾಡಿ. ರೊಟ್ಟಿ ಬಡಿಯುವಾಗಲೋ ಹೊಲಕ್ಕೆ ಹೋಗುವಾಗಲೋ ಒಂದು ಪದವನ್ನು ಬಾಯಲ್ಲೇ ತಿರುಗಿಸಿ ಹೇಳಿ: "ಶಿ ಮತ್ತ ರಾ, ಏನಾತು?" ಶಿರಾ ಎಂದರೆ ಒಂದು ಉತ್ತರ, ರಾಶಿ ಎಂದರೆ ಇನ್ನೊಂದು. ಒಡಪು ಹಾಕಿದ ಹಾಗೆಯೇ ಇದು. ಒಂದೊಂದು ಅಕ್ಷರಕ್ಕೆ ಒಂದೊಂದು ಚಪ್ಪಾಳೆ ಹೊಡೆಸಿ. ಎಷ್ಟು ಚಪ್ಪಾಳೆಯೋ ಅಷ್ಟು ಕಾರ್ಡು.

ಮಗು ಕಾರ್ಡು ಜೋಡಿಸಿದಾಗ ಓದಿ ಹೇಳಲು ಹೇಳಿ. ಅಂಥ ಪದ ಇದೆಯೋ ಇಲ್ಲವೋ ನಿಮಗೆ ಗೊತ್ತೇ ಇರುತ್ತದೆ. ಪದಗಳು ನಿಮ್ಮ ಹತ್ತಿರವೇ ಇವೆ, ಮಗುವಿನ ಹತ್ತಿರ ಇರುವುದು ಅಕ್ಷರ. ದುಡಿಯಲು ಗುಳೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗುವುದಾದರೆ, ದಯವಿಟ್ಟು ಆ ಕಾರ್ಡಿನ ಚೀಲವನ್ನು ಗಂಟಿನಲ್ಲಿ ಹಾಕಿಕೊಳ್ಳಿ. ಶಾಲೆ ತಪ್ಪಿದ ತಿಂಗಳುಗಳಲ್ಲಿ ಅಕ್ಷರ ಮರೆಯದಂತೆ ಅಷ್ಟಾದರೂ ತಡೆಯುತ್ತದೆ.

ಇಂಗ್ಲಿಷ್ ಕಲಿಸಲೂ ಇದೇ ಆಟ ಆಗುತ್ತದಾ?

ಆಗುತ್ತದೆ, ಆದರೆ ಕಲಿಸುವುದು ಬೇರೆ. ಇಂಗ್ಲಿಷಿನಲ್ಲಿ ಇ, ಎ, ಟಿ ಮೂರು ಅಕ್ಷರದಿಂದ ಈಟ್, ಟೀ, ಏಟ್ ಮೂರೂ ಆಗುತ್ತವೆ. ಜಾಗ ಬದಲಾದ ಹಾಗೆ ಅಕ್ಷರದ ಉಚ್ಚಾರವೂ ಬದಲಾಗುತ್ತದೆ. ಕನ್ನಡದಲ್ಲಿ ದಿ ಮೊದಲಿಗಿದ್ದರೂ ಕೊನೆಗಿದ್ದರೂ ದಿ. ಅದಕ್ಕೇ ಕನ್ನಡದ ಆಟ ಮೊದಲು ಗಟ್ಟಿಯಾಗಲಿ. ಎರಡನ್ನೂ ಒಂದೇ ದಿನ ಆಡಿಸಬೇಡಿ.

ಮೊಬೈಲಿನಲ್ಲಿ ಆ್ಯಪ್ ಇದ್ದರೆ ಸಾಕಲ್ವಾ?

ಒಮ್ಮೆ ನೀವೇ ಆಡಿ ನೋಡಿ ಆಮೇಲೆ ಮಗುವಿಗೆ ಕೊಡಿ. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಒಳಗೊಳಗೆ ಚೂರು ಚೂರಾಗಿ ಕೂತಿರುತ್ತದೆ. ನಮಗೆ ಎರಡು ಅಕ್ಷರವಾಗಿ ಕಾಣುವ ರೊಟ್ಟಿ ಅದಕ್ಕೆ ಆರು ಚೂರು: ರ, ಒತ್ವ, ಟ, ಅರ್ಧಾಕ್ಷರದ ಗುರುತು, ಇನ್ನೊಂದು ಟ, ಗುಡಿಸು. ಇಂಗ್ಲಿಷಿಗಾಗಿ ಮಾಡಿದ ಆಟಕ್ಕೆ ಹಾಗೇ ಕನ್ನಡ ಹಾಕಿದರೆ ಈ ಚೂರುಗಳನ್ನೇ ಕಲಸಿಬಿಡುತ್ತದೆ. ಗುಡಿಸು ಒಂಟಿಯಾಗಿ, ಕೊಂಬು ಒಂಟಿಯಾಗಿ ತೇಲುತ್ತಿರುತ್ತವೆ. ಅಂಥದ್ದು ಕಂಡರೆ ಆ ಆ್ಯಪ್ ಬೇಡ. ಅಕ್ಷರವನ್ನು ಇಡಿಯಾಗಿ ಹಿಡಿಯುವ ಆ್ಯಪ್ ಆದರೆ ಪರವಾಗಿಲ್ಲ. ಆದರೂ ಬೆರಳಿನಲ್ಲಿ ತಳ್ಳಿ ಮುಗಿಸಿದ ಮೇಲೆ ಪೆನ್ಸಿಲ್ ಹಿಡಿದು ಬರೆಸಲೇಬೇಕು.

ಪೈಪೋಟಿ ಇಡಬೇಕಾ? ಟೈಮ್ ಹಾಕಬೇಕಾ?

ಬೇಡ. ಟೈಮ್ ಹಾಕಿದರೆ ಗೆಲ್ಲುವವರು ಯಾವಾಗಲೂ ಅದೇ ನಾಲ್ಕು ಮಕ್ಕಳು. ಓದಲು ನಿಧಾನ ಇರುವ ಮಗು ಕಾರ್ಡು ಮುಟ್ಟುವುದನ್ನೇ ಬಿಡುತ್ತದೆ, ಮತ್ತು ಈ ಆಟ ಹೆಚ್ಚು ಬೇಕಾಗಿರುವುದು ಆ ಮಗುವಿಗೇ. ಇಬ್ಬಿಬ್ಬರನ್ನು ಜೋಡಿ ಮಾಡಿ, ಸುಮ್ನೆ ಆಡಲು ಬಿಡಿ.

ಊರ ಹೆಸರಿನಿಂದ ಆಡಿಸಬಹುದಾ?

ನಾಲ್ಕು, ಐದನೇ ತರಗತಿಗೆ ಇದು ತುಂಬಾ ಹಿಡಿಸುತ್ತದೆ. ಉದ್ದ ಹೆಸರನ್ನು ಕತ್ತರಿಸಿ, ಒಳಗೆ ಅಡಗಿರುವ ಸಣ್ಣ ಪದ ಹುಡುಕಿಸಿ. ಬಸವಕಲ್ಯಾಣದಲ್ಲಿ ಬಸವ, ಕಲ್ಯಾಣ ಎದ್ದು ಕಾಣುತ್ತವೆ. ಆಮೇಲೆ ಕಸ, ಕಣ, ಬಣ ಸಿಗುತ್ತವೆ. ಕಲಬುರಗಿಯಲ್ಲಿ ಕರ, ಕರಗಿ ಇವೆ. ಮಕ್ಕಳು "ಬರ", "ಬಲ" ಅಂತಲೂ ಹೇಳುತ್ತಾರೆ. ಆಗ ಕಾರ್ಡು ತೋರಿಸಿ: ಇರುವುದು ಬ ಅಲ್ಲ, ಬು. ಕೊಂಬನ್ನು ಕಿತ್ತು ಹಾಕುವ ಹಾಗಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾದಗಿರಿ. ಯಾ, ದ, ಗಿ, ರಿ. ನಾಲ್ಕನ್ನೂ ಬಳಸಿ ಇನ್ನೊಂದು ಮಾಡಿ ಅಂದರೆ "ಗಿರಿಯಾದ" ಆಗುತ್ತದೆ. ಬೆಟ್ಟದ ಮೇಲೆ ಕೋಟೆ ಇರುವ ಊರಿನ ಹೆಸರೊಳಗೆ ಈ ಪದ 24 ಜೋಡಣೆಗಳ ನಡುವೆ ಅಡಗಿ ಕೂತಿದೆ. ಲೆಕ್ಕದಲ್ಲಿ ಚುರುಕಿರುವ ಮಕ್ಕಳಿಗೆ ಸುರಪುರ ಕೊಡಿ. ನಾಲ್ಕು ಅಕ್ಷರ ಇದ್ದರೂ 24 ಬರುವುದಿಲ್ಲ, 12 ಮಾತ್ರ. ರ ಎರಡು ಸಲ ಬಂದಿದೆಯಲ್ಲ, ಅದಕ್ಕೆ. ಯಾಕೆ ಎಂದು ಅವರೇ ಬರೆದು ನೋಡಲಿ.

ಮೊದಲ ವಾರಕ್ಕೆ ಪದಗಳನ್ನು ಕೊಡಿ.

ಸೋಮವಾರ ಗುಣಿತ ಇಲ್ಲದ್ದು: ಸರ–ರಸ, ಗಜ–ಜಗ. ಮಂಗಳವಾರ ಗುಡಿಸು: ನದಿ–ದಿನ, ಕಪಿ–ಪಿಕ. ಪಿಕ ಕೊಡುವ ಮೊದಲು ಕೋಗಿಲೆಯ ಮಾತು ತೆಗೆಯಿರಿ. ಬುಧವಾರ ದೀರ್ಘ: ವಾರ–ರವಾ, ಸದಾ–ದಾಸ, ರಾಶಿ–ಶಿರಾ. ಗುರುವಾರ ಮೂರು ಅಕ್ಷರ: ಗಮನ–ಮಗನ, ಪಾಲಕ–ಕಪಾಲ. ಕಪಾಲ ಹೊಸ ಪದ ಅನಿಸಿದರೆ ಅರ್ಥವನ್ನು ಸುಳಿವಾಗಿ ಕೊಡಿ. ಶುಕ್ರವಾರ ಒತ್ತು: ರೊಟ್ಟಿ, ಬಿದ್ರಿ, ಜೇವರ್ಗಿ, ಕತ್ತರಿ ಮಕ್ಕಳ ಕೈಗೇ ಇರಲಿ. ಶನಿವಾರ ಹೊಸದು ಬೇಡ. ವಾರದಲ್ಲಿ ಬರೆದ ವಾಕ್ಯಗಳನ್ನು ಒಬ್ಬೊಬ್ಬರಾಗಿ ಎದ್ದು ಓದಲಿ. ಯಾವ ಪದದ ಬಳಿ ಮಗು ತಡವರಿಸುತ್ತದೋ ಅದನ್ನು ಗುರುತು ಹಾಕಿಕೊಳ್ಳಿ, ಮುಂದಿನ ಸೋಮವಾರ ಅದರಿಂದಲೇ ಶುರು ಮಾಡಿ.